ಬೇಲೂರಿನ ರೂವಾರಿ, ಗುಡಿಯ ನರ್ತಕಿ: ಹನ್ನೆರಡನೇ ಶತಮಾನದ ಪ್ರೇಮಕಥೆ ಬರೆಯುವವರಿಗೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು, ಈಗ ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಹೊಯ್ಸಳ ವಿಷ್ಣುವರ್ಧನನ ಕಾಲದ ಬೇಲೂರಿನಲ್ಲಿ ನಡೆಯುವ ಪ್ರೇಮಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ನಾಯಕ ಬಳ್ಳಿಗಾವೆಯಿಂದ ಬಂದ ಶಿಲ್ಪಿ, ಜಕಣಾಚಾರಿಯ ಶಿಷ್ಯ. ನಾಯಕಿ ದೇವಸ್ಥಾನದ ನರ್ತಕಿ, ರಾಣಿ ಶಾಂತಲೆಯ ಗೆಳತಿ. ಹನ್ನೊಂದು ಅಧ್ಯಾಯ ಮುಗಿದಿವೆ. ಕೆಲವನ್ನು ಬರೆಯುವ ಗೆಳೆಯರ ಮುಂದೆ ಓದಿದೆ. ಒಬ್ಬರು ‘ಆ ಕಾಲದಲ್ಲಿ ಪ್ರೀತಿ ಗೀತಿ ಎಲ್ಲಿತ್ತು, ಹಿರಿಯರು ತೋರಿಸಿದವನಿಗೆ ಕುತ್ತಿಗೆ ಒಡ್ಡುತ್ತಿದ್ದರು’ ಅಂದರು. ಇನ್ನೊಬ್ಬರು ಹಳಗನ್ನಡದಲ್ಲಿ ಮಾತಾಡಿಸದಿದ್ದರೆ ನಂಬಿಕೆ ಬರುವುದಿಲ್ಲ ಅಂದರು. ಮೂರನೆಯವರು ನಾಯಕಿ ಅರೆಯುವ ಕೆಂಪು ಮೆಣಸಿನಕಾಯಿ ಚಟ್ನಿ ಹಿಡಿದುಕೊಂಡು ನಕ್ಕರು. ಮುಂದಿನ ಅಧ್ಯಾಯದಲ್ಲಿ ಇಬ್ಬರೂ ರಾತ್ರೋರಾತ್ರಿ ಊರು ಬಿಡಬೇಕು. ಬರೆಯಲು ಕೈ ಏಳುತ್ತಿಲ್ಲ. ಯಾಕೆ ಬಿಡುತ್ತಾರೆ ಅನ್ನುವುದೇ ನನಗೆ ಗಟ್ಟಿಯಾಗುತ್ತಿಲ್ಲ. ಶಾಂತಲೆಯನ್ನು ಪಾತ್ರವಾಗಿ ತರಬಹುದೇ? ಶೃಂಗಾರ ಎಷ್ಟರ ಮಟ್ಟಿಗೆ ಇರಬಹುದು? ಇನ್ನೆಷ್ಟು ಓದಿ ಮುಂದುವರಿಯಲಿ?

ಉತ್ತರ: ಚಟ್ನಿಯ ಮೆಣಸಿನಕಾಯಿಯನ್ನು ಐದು ನಿಮಿಷದಲ್ಲಿ ತೆಗೆದುಹಾಕಬಹುದು. ‘ಯಾಕೆ ಊರು ಬಿಡುತ್ತಾರೆ ಅನ್ನುವುದು ಗಟ್ಟಿಯಾಗುತ್ತಿಲ್ಲ’ ಎಂದಿದ್ದೀರಲ್ಲ, ಅದಕ್ಕೆ ಸಮಯ ಬೇಕು. ಶಾಸನ ಓದುವುದು ನನ್ನ ಕಸುಬು. ಜೊತೆಗೆ ಪ್ರಕಾಶಕರು ಕಳಿಸುವ ಐತಿಹಾಸಿಕ ಕಾದಂಬರಿಗಳ ಹಸ್ತಪ್ರತಿಗಳನ್ನೂ ಬಹಳ ಕಾಲದಿಂದ ಓದಿಕೊಡುತ್ತಿದ್ದೇನೆ. ಸೊರಗುವ ಪ್ರೇಮಕಥೆಗಳು ಹೆಚ್ಚುಕಡಿಮೆ ಒಂದೇ ಕಡೆ ಸೊರಗುವುದನ್ನು ನೋಡಿದ್ದೇನೆ. ಒಡವೆ, ಕತ್ತಿ, ಕುದುರೆ, ಕೋಟೆಬಾಗಿಲು ಎಲ್ಲ ಸರಿಯಾಗಿರುತ್ತವೆ. ಪ್ರೇಮಿಗಳ ಭಯ ಮಾತ್ರ ನಮ್ಮ ಕಾಲದ್ದಾಗಿರುತ್ತದೆ. ಅಪ್ಪ ಒಪ್ಪುವುದಿಲ್ಲ, ಜನ ಆಡಿಕೊಳ್ಳುತ್ತಾರೆ, ನನ್ನ ಬದುಕು ನನ್ನದು, ಇಷ್ಟರಲ್ಲೇ ಕಥೆ ಸುತ್ತುತ್ತದೆ. ಆ ಕಾಲದ ಗಂಡು ಹೆಣ್ಣಿಗೆ ಪ್ರೀತಿಸಿದ್ದರಿಂದ ಕೈತಪ್ಪುತ್ತಿದ್ದದ್ದು ಏನು? ಮನೆ, ಭೂಮಿ, ವೃತ್ತಿ, ಕೊಟ್ಟ ಮಾತು, ಒಡೆಯನ ಋಣ, ಧರ್ಮದ ಆಸರೆ, ಇವುಗಳಲ್ಲಿ ಯಾವುದು? ಅದು ಗೊತ್ತಾದರೆ ನಿಮ್ಮ ಮುಂದಿನ ಅಧ್ಯಾಯ ತಾನಾಗಿ ಬರುತ್ತದೆ.

ಮೊದಲು ‘ಪ್ರೀತಿ ಎಲ್ಲಿತ್ತು’ ಅನ್ನುವವರಿಗೆ ಉತ್ತರ ಹೇಳಿಬಿಡೋಣ. ಕಾಶ್ಮೀರದ ಕಲ್ಹಣ ತನ್ನ ರಾಜತರಂಗಿಣಿಯಲ್ಲಿ ಹೇಳುವ ಒಂದು ಸಂಗತಿ ಕೇಳಿ. ಅಲ್ಲಿನ ದೊರೆ ಹರ್ಷ ಕರ್ನಾಟಕದ ಪೆರ್ಮಾಡಿಯ, ಅಂದರೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ, ರಾಣಿ ಚಂದಲೆಯ ಚಿತ್ರಪಟವೊಂದನ್ನು ನೋಡಿ ಮರುಳಾದ. ಪೆರ್ಮಾಡಿಯನ್ನು ಸೋಲಿಸಿ ಆಕೆಯನ್ನು ಪಡೆಯುತ್ತೇನೆಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದ. ಕಲ್ಹಣನಿಗೆ ಇದು ಮೆಚ್ಚುಗೆಯಾಗುವ ಸಂಗತಿಯಲ್ಲ, ದೊರೆಯ ಅವಿವೇಕಕ್ಕೆ ಉದಾಹರಣೆಯಾಗಿ ಇದನ್ನು ಬರೆಯುತ್ತಾನೆ. ಮೋಹ ಆ ಕಾಲಕ್ಕೆ ಹೊಸದಾಗಿರಲಿಲ್ಲ, ಮೋಹಕ್ಕೆ ಮರುಳಾದವನನ್ನು ಕಂಡು ನಗುವವರೂ ಇದ್ದರು ಎನ್ನುವುದು ಇದರಿಂದ ತಿಳಿಯುತ್ತದೆ. ಅದೇ ಚಂದಲದೇವಿ ವಿಕ್ರಮಾದಿತ್ಯನನ್ನು ಸ್ವಯಂವರದಲ್ಲಿ ವರಿಸಿದಳೆಂದು ಆಸ್ಥಾನಕವಿ ಬಿಲ್ಹಣ ಸರ್ಗಗಟ್ಟಲೆ ಬರೆದಿದ್ದಾನೆ. ಅದನ್ನು ವರದಿಯೆಂದು ನಂಬಬೇಡಿ. ದೊರೆಯ ಅನ್ನ ಉಂಡ ಕವಿ ದೊರೆಯ ಮದುವೆಯನ್ನು ಹೀಗಲ್ಲದೆ ಇನ್ನು ಹೇಗೆ ಬರೆದಾನು? ಅರಸುಮನೆಗಳ ಮದುವೆಗಳ ಹಿಂದೆ ಬಹುಪಾಲು ಸಂಧಿ, ಸಾಮಂತಿಕೆ, ಗಡಿಯ ಲೆಕ್ಕಾಚಾರ ಇದ್ದವು. ಆದರೂ ಮದುವೆಯನ್ನು ಹೇಳಬೇಕಾದಾಗ ಪ್ರೇಮದ ಭಾಷೆಯೇ ಒಪ್ಪುತ್ತದೆ ಎಂದು ಆ ಕಾಲದ ಓದುಗರಿಗೂ ಅನ್ನಿಸುತ್ತಿತ್ತು ಎಂಬುದಕ್ಕೆ ಅವನ ಕಾವ್ಯ ಸಾಕ್ಷಿ.

ಅರಮನೆಯಿಂದ ಸ್ವಲ್ಪ ಕೆಳಗೆ ಬಂದರೆ ಇನ್ನೂ ಒಳ್ಳೆಯ ಸಾಕ್ಷ್ಯ ಸಿಗುತ್ತದೆ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಆಗ ಅದು ಚೋಳರ ಆಳ್ವಿಕೆಗೆ ಸೇರಿದ ನಾಡು. ನುಗುನಾಡಿನ ರವಿಗನ ಮಗಳು ದೇಕಬ್ಬೆ, ಅವಳ ಗಂಡ ಏಚ. ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದನೆಂಬ ಕಾರಣಕ್ಕೆ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದರು. ಸುದ್ದಿ ಬೆಳತೂರಿಗೆ ಬಂತು. ದೇಕಬ್ಬೆ ಕೊಂಡಕ್ಕೆ ಇಳಿಯುತ್ತೇನೆ ಎಂದಳು. ಹೆತ್ತವರು ಬೇಡವೆಂದು ಬೇಡಿಕೊಂಡರು. ಕೇಳಲಿಲ್ಲ. ದಾನ ಕೊಡಬೇಕಾದದ್ದನ್ನೆಲ್ಲ ಕೊಟ್ಟು ಬೆಂಕಿಗೆ ಇಳಿದಳು. ಶಾಸನ ಇದನ್ನು ಪದ್ಯದಲ್ಲಿ ಹೇಳುತ್ತದೆ. ತಡೆಯುವ ಬಂಧುಗಳು, ತಡೆಯಲಾಗದ ಹೆಣ್ಣು, ಇಬ್ಬರೂ ಆ ಪದ್ಯಗಳಲ್ಲಿ ಇದ್ದಾರೆ. ಇದನ್ನು ಮೊದಲ ಸಲ ಓದುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ: ಸಾವನ್ನು ಬಿಟ್ಟು ಆ ಬೇಡಿಕೊಳ್ಳುವ ಅಪ್ಪ ಅಮ್ಮನನ್ನು ನೋಡಿ. ಸತಿ ಹೋಗುವುದನ್ನು ಎಲ್ಲರೂ ಕೈಮುಗಿದು ಒಪ್ಪಿಕೊಂಡಿದ್ದ ಕಾಲ ಅದಾಗಿದ್ದರೆ ಅವರು ಬೇಡಿಕೊಳ್ಳಬೇಕಾಗಿರಲಿಲ್ಲ. ಕಲ್ಲು ನಿಲ್ಲಿಸಿದವರು ಅವಳನ್ನು ಹೊಗಳುತ್ತಾರೆ. ಅದೇ ಕಲ್ಲು ಅವಳನ್ನು ಉಳಿಸಿಕೊಳ್ಳಲು ಹೆಣಗಿದವರನ್ನೂ ಮುಚ್ಚಿಡುವುದಿಲ್ಲ.

ಇದರ ಪಕ್ಕದಲ್ಲಿ ಇನ್ನಿಬ್ಬರನ್ನು ಇಟ್ಟು ನೋಡಿ. ಅತ್ತಿಮಬ್ಬೆ, ಗುಂಡಮಬ್ಬೆ ಅಕ್ಕತಂಗಿಯರು, ಇಬ್ಬರೂ ನಾಗದೇವನ ಹೆಂಡಂದಿರು. ಯುದ್ಧದಲ್ಲಿ ಗಂಡ ಸತ್ತಾಗ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. 993ರಲ್ಲಿ ರನ್ನ ತನ್ನ ಅಜಿತಪುರಾಣ ಬರೆದದ್ದು ಆಕೆಯ ಆಶ್ರಯದಲ್ಲೇ. ಒಂದೇ ಮನೆ, ಒಬ್ಬನೇ ಗಂಡ, ಎರಡು ದಾರಿ. ಯಾರ ಪ್ರೀತಿ ಹೆಚ್ಚಿನದು ಎಂದು ತೂಗಲು ಹೊರಡುವ ಕಾದಂಬರಿಗಳು ನನಗೆ ಕಿರಿಕಿರಿ ಮಾಡುತ್ತವೆ. ಸಾವನ್ನು ಪ್ರೇಮದ ಅಳತೆಗೋಲಾಗಿ ಮಾಡಿಕೊಳ್ಳಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಐತಿಹಾಸಿಕ ಪ್ರೇಮಕಥೆ ಬರೆಯುವವರಿಗೆ ಕೊನೆಯ ಅಧ್ಯಾಯದ ಹೊತ್ತಿಗೆ ಬರುವ ದೊಡ್ಡ ಪ್ರಲೋಭನೆ ಅದು. ಕೊಂಡದ ದೃಶ್ಯ ಬರೆಯುವುದು ಸುಲಭ, ಅತ್ತಿಮಬ್ಬೆಯ ಮುಂದಿನ ವರ್ಷಗಳನ್ನು ಬರೆಯುವುದು ಕಷ್ಟ.

‘ಕುತ್ತಿಗೆ ಒಡ್ಡುತ್ತಿದ್ದರು’ ಎಂಬ ಮಾತಿಗೆ ವಿರುದ್ಧವಾದ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಆಗ ಹೆಣ್ಣು ಸರ್ವಸ್ವತಂತ್ರಳಾಗಿದ್ದಳು, ಆಮೇಲೆ ಎಲ್ಲ ಕೆಟ್ಟಿತು ಅನ್ನುವುದು. ಅಕ್ಕಾದೇವಿ ಕಿಸುಕಾಡನ್ನು ಆಳಿದಳು, ಗೋಕಾವಿಯ ಕೋಟೆಗೆ ಮುತ್ತಿಗೆ ಹಾಕಿದಳು ಎನ್ನುವುದು ನಿಜ. ಇಮ್ಮಡಿ ಬಲ್ಲಾಳನ ರಾಣಿ ಉಮಾದೇವಿ ದಂಡೆತ್ತಿ ಹೋದದ್ದೂ ನಿಜ. ಆದರೆ ಒಬ್ಬಳು ಚಾಲುಕ್ಯ ಚಕ್ರವರ್ತಿಯ ಅಕ್ಕ, ಇನ್ನೊಬ್ಬಳು ಹೊಯ್ಸಳ ರಾಣಿ. ಅದೇ ಕಾಲದ ವೀರಗಲ್ಲುಗಳಲ್ಲಿ ತುರು ಕದ್ದೊಯ್ಯುವುದರ ಜೊತೆಗೆ ಹೆಂಗಸರ ಉಡೆ ಕಳಚುವ ದಾಳಿಗಳೂ, ಅವನ್ನು ತಡೆಯಲು ಹೋಗಿ ಸತ್ತವರೂ ಕಾಣಸಿಗುತ್ತಾರೆ. ನಿಮ್ಮ ನಾಯಕಿ ಊರ ಬಾಗಿಲು ದಾಟುವಾಗ ಅವಳ ಮೈಯಲ್ಲಿ ಹುಟ್ಟುವ ಹೆದರಿಕೆಗೆ ಇದು ಆಧಾರವಾಗಲಿ.

ಈಗ ನಿಮ್ಮ ಕಥೆಗೆ ಬರುತ್ತೇನೆ. ನಾಯಕ ಬಳ್ಳಿಗಾವೆಯವನು ಎಂದಿದ್ದೀರಿ. ನಿಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಬಹಳ ಒಳ್ಳೆಯ ಜಾಗವನ್ನೇ ಹಿಡಿದಿದ್ದೀರಿ. ಬೇಲೂರಿನ ಮದನಿಕೆಗಳ, ಅಂದರೆ ಶಿಲಾಬಾಲಿಕೆಯರ, ಕೆಳಗೆ ಹೆಸರು ಕೊರೆದುಕೊಂಡ ರೂವಾರಿಗಳಲ್ಲಿ (ಶಿಲ್ಪಿಗಳಲ್ಲಿ) ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಚಾವಣನಿಗೆ ಒಂದು ಬಿರುದಿದೆ: ಬಿರುದು ಹೊತ್ತ ಇತರ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಮಹೇಶ್ವರ. ಕೈಕಟ್ಟಿ ತಲೆತಗ್ಗಿಸಿ ನಿಂತ ಅನಾಮಿಕ ಕುಶಲಕರ್ಮಿಯ ಚಿತ್ರ ಇಲ್ಲಿ ಸಲ್ಲುವುದಿಲ್ಲ. ಇವರು ಸವಾಲು ಹಾಕುವ ಜನ, ತಮ್ಮ ಕೆಲಸದ ಬೆಲೆ ತಿಳಿದವರು. ನಿಮ್ಮ ನಾಯಕನಿಗೆ ಈ ಗರ್ವವನ್ನು ಕೊಡಿ. ಅವನನ್ನು ಒಂಟಿಯಾಗಿ ಕರೆತರಬೇಡಿ. ಅವನು ಅಪ್ಪನ ಜೊತೆ, ಬಂಧುಗಳ ಜೊತೆ, ಒಂದು ತಂಡವಾಗಿ ಬಂದವನು. ಉಳಿ ಹಿಡಿಯಲು ಕಲಿಸಿದವನೇ ಅಪ್ಪ, ಕೂಲಿ ಹಂಚುವವನೂ ಅಪ್ಪ. ತಂಡ ಬಿಟ್ಟರೆ ಅವನಿಗೆ ಕೆಲಸ ಕೊಡುವವರು ಯಾರು? ಅವನು ಮೊದಲು ಕಳೆದುಕೊಳ್ಳುವುದು ಇದನ್ನು.

ಇನ್ನು ಬಳ್ಳಿಗಾವೆ ಯಾರದ್ದು ಎನ್ನುವ ಪ್ರಶ್ನೆ. ಅದು ಬನವಾಸಿ ನಾಡಿನ ರಾಜಧಾನಿ, ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದ ಊರು. ಹೊಯ್ಸಳರೂ ಹೆಸರಿಗೆ ಚಾಲುಕ್ಯರ ಸಾಮಂತರೇ. ಆದರೆ ತಲಕಾಡು ಗೆದ್ದ ವಿಷ್ಣುವರ್ಧನ ಸಾಮಂತನಂತೆ ನಡೆದುಕೊಳ್ಳುವುದನ್ನು ಬಿಡತೊಡಗಿದ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಮರುವರ್ಷ, 1118ರಲ್ಲಿ, ಆರನೆಯ ವಿಕ್ರಮಾದಿತ್ಯನ ಸೇನೆ ಹನ್ನೆರಡು ಸಾಮಂತರೊಂದಿಗೆ ಬಂದು ಕಣ್ಣೇಗಾಲದಲ್ಲಿ ಬೀಡುಬಿಟ್ಟಿತು. ಹೊಯ್ಸಳ ದಂಡನಾಯಕ ಗಂಗರಾಜ ರಾತ್ರಿ ಹೊತ್ತು ಮೇಲೆ ಬಿದ್ದು ಅದನ್ನು ಚದುರಿಸಿದ, ಸರಕು ಸರಂಜಾಮು ವಾಹನಗಳನ್ನೆಲ್ಲ ತಂದು ಅರಸನಿಗೆ ಒಪ್ಪಿಸಿದ. ಮೆಚ್ಚಿದ ಅರಸ ಏನು ಬೇಕೆಂದು ಕೇಳಿದಾಗ ಪರಮವೆಂಬ ಊರನ್ನು ಕೇಳಿ ಪಡೆದು, ತನ್ನ ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟ. ಮುಂದೆ ಆ ಹೆಂಡತಿ ಜೈನ ವ್ರತದಂತೆ ಸಮಾಧಿಮರಣ ಹೊಂದಿದಾಗ ಶ್ರವಣಬೆಳಗೊಳದಲ್ಲಿ ಆಕೆಯ ನೆನಪಿಗೆ ನಿಸಿದಿಗಲ್ಲು ನಿಲ್ಲಿಸಿದವನೂ ಅವನೇ. ದಂಡನಾಯಕನೊಬ್ಬ ಹೆಂಡತಿಯನ್ನು ಹೇಗೆ ಪ್ರೀತಿಸುತ್ತಿದ್ದ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಕಲ್ಲುಗಳ ಕಡೆ ಕೈ ತೋರಿಸುತ್ತೇನೆ.

ಈ ಎರಡು ವರ್ಷಗಳ ನಡುವೆ ನಿಮ್ಮ ಹುಡುಗನನ್ನು ನಿಲ್ಲಿಸಿ. ಪ್ರತಿಷ್ಠೆಯ ದಿನ ಅವನು ಬೇಲೂರಿಗೆ ಬೇಕಾದವನು. ವರ್ಷ ಕಳೆಯುವುದರೊಳಗೆ ಹಗೆಯ ನಾಡಿನವನು. ಅವನ ಅಣ್ಣತಮ್ಮಂದಿರು, ಮನೆದೇವರು, ಹೊಲ ಎಲ್ಲವೂ ಗಡಿಯಾಚೆ. ಅವನ ಕೈಕೆಲಸವೆಲ್ಲ ಗಡಿಯೀಚೆ, ಹೊಯ್ಸಳನ ವಿಜಯದ ನೆನಪಿಗೆ ನಿಂತ ಗುಡಿಯ ಮೇಲೆ. ಉಳಿದರೆ ಊರವರ ಅನುಮಾನ, ಹೋದರೆ ಮತ್ತೆ ಬರುವ ದಾರಿ ಮುಚ್ಚಿತು. ಆ ವರ್ಷ ಬಳ್ಳಿಗಾವೆಯ ರೂವಾರಿಗಳಿಗೆ ಏನಾಯಿತೆಂದು ಶಾಸನಗಳು ಹೇಳುವುದಿಲ್ಲ. ಅಲ್ಲಿಂದ ಮುಂದಿನದು ಕಾದಂಬರಿಕಾರರ ಪಾಲು. ರಾತ್ರೋರಾತ್ರಿ ಊರು ಬಿಡಲು ಇದಕ್ಕಿಂತ ಗಟ್ಟಿ ಕಾರಣ ನನಗಂತೂ ತೋಚುವುದಿಲ್ಲ. ಬಿಟ್ಟರೂ ಅದು ಸಿನಿಮಾದ ಓಟವಾಗಬಾರದು. ಬೇಲೂರಿನಿಂದ ಬಳ್ಳಿಗಾವೆಗೆ ಇವತ್ತಿನ ರಸ್ತೆಯಲ್ಲೂ 150 ಕಿ.ಮೀ. ದಾಟುತ್ತದೆ. ಎತ್ತಿನ ಗಾಡಿ ದಿನಕ್ಕೆ 20–25 ಕಿ.ಮೀ. ಸಾಗಿದರೆ ಹೆಚ್ಚು. ವಾರದ ದಾರಿ, ನಡುವೆ ಕಾಡು, ಸುಂಕದ ಕಟ್ಟೆಗಳು, ಹಿಂತಿರುಗುತ್ತಿರುವ ಸೋತ ಸೈನಿಕರು.

ನರ್ತಕಿಯ ಕಡೆಗೂ ಇದೇ ಪ್ರಶ್ನೆ ಕೇಳಿ. ಗುಡಿಯ ಪಾತ್ರದವರಿಗೆ (ನರ್ತಕಿಯರಿಗೆ), ವಾದ್ಯದವರಿಗೆ, ಹೂವಿನವರಿಗೆ ಮನೆ ನಿವೇಶನ, ಭೂಮಿ, ಧಾನ್ಯ ನಿಗದಿ ಮಾಡಿದ ದಾನಶಾಸನಗಳು ಕರ್ನಾಟಕದಲ್ಲಿ ಹೇರಳವಾಗಿವೆ. ನರ್ತಕಿಯರು ತಾವೇ ದಾನ ಕೊಟ್ಟ ಶಾಸನಗಳೂ ಇವೆ. ಅಂದರೆ ಇವಳು ಗಳಿಸುವವಳು. ಹಲವು ಮನೆವಂತ ಹೆಂಗಸರಿಗೆ ಇಲ್ಲದ ಸ್ವತ್ತು ಇವಳ ಹೆಸರಿನಲ್ಲಿ ಇರಬಹುದು. ಆ ಸ್ವತ್ತು ಸೇವೆಗೆ ಕಟ್ಟುಬಿದ್ದದ್ದು. ಗುಡಿ ಬಿಟ್ಟರೆ ವೃತ್ತಿ ಹೋಗುತ್ತದೆ, ವೃತ್ತಿಯ ಜೊತೆ ಅವಳನ್ನು ನೆಚ್ಚಿಕೊಂಡ ತಾಯಿ, ತಂಗಿಯರ ಗಂಜಿಯೂ ಹೋಗುತ್ತದೆ. ‘ಅವಳು ದೇವರ ಸೊತ್ತು, ಅದಕ್ಕೇ ಪ್ರೀತಿಸುವಂತಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಕಥೆ ಬಡವಾಗುತ್ತದೆ. ಅವಳ ಕಟ್ಟನ್ನು ಸುಂದರ ತ್ಯಾಗವಾಗಿ ಬಣ್ಣಿಸುವುದೂ ಬೇಡ, ಕೆಸರಿನಿಂದ ಎತ್ತಲು ನಾಯಕ ಬಂದ ಎನ್ನುವುದೂ ಬೇಡ. ಇಬ್ಬರಿಗೂ ಕೆಲಸವಿದೆ, ಇಬ್ಬರ ಕೆಲಸವೂ ಒಂದೇ ಗುಡಿಯಲ್ಲಿದೆ, ಪ್ರೀತಿ ಇಬ್ಬರ ಅನ್ನಕ್ಕೂ ಕುತ್ತು ತರುತ್ತದೆ. ಇಷ್ಟು ಸಾಕು.

ಜಾತಿಯನ್ನು ಮರೆಯಬೇಡಿ. ನಿಮ್ಮ ಕಥೆಯ ಒಂದೆರಡು ತಲೆಮಾರಿನ ಬಳಿಕ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು, ಅದಕ್ಕಾಗಿ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರು ಎಂದು ಪರಂಪರೆ ಹೇಳುತ್ತದೆ. ವಿವರಗಳು ಬರುವುದು ನಂತರದ ಕಾವ್ಯಗಳಲ್ಲಿ, ನಿಜ. ಆದರೂ ಎರಡು ಮನೆ ಬೆಸೆಯುವುದು ಎಂಥ ಬೆಂಕಿ ಎಬ್ಬಿಸಬಲ್ಲದಾಗಿತ್ತು ಎಂದು ನಾಡಿನ ನೆನಪು ಇದರಲ್ಲಿ ಹಿಡಿದಿಟ್ಟಿದೆ. ಧರ್ಮದ ವಿಷಯದಲ್ಲಿ ಮಾತ್ರ ನಿಮ್ಮ ಕಥೆಯ ಕಾಲ ನೀವು ಅಂದುಕೊಂಡದ್ದಕ್ಕಿಂತ ಸಡಿಲವಾಗಿತ್ತು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುಭಕ್ತ. ನಾಯಕ ನಾಯಕಿಯರ ನಡುವೆ ಬರೀ ಮತಭೇದವನ್ನು ಗೋಡೆಯಾಗಿ ನಿಲ್ಲಿಸಿದರೆ ಆ ಮನೆಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಶಾಂತಲೆಯ ಮಾತು ಬಂತು. ಆಕೆ ಸಂಗೀತ, ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಮಗಳ ಹಿಂದೆಯೇ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ, ಅಂದರೆ ಉಪವಾಸವಿದ್ದು ದೇಹ ಬಿಡುವ ಜೈನ ವ್ರತ, ಕೈಗೊಂಡಳು. ಮದನಿಕೆಗಳಿಗೆ ರೂಪದರ್ಶಿ ಆಕೆಯೇ ಎನ್ನುವುದಕ್ಕೆ ಆಧಾರವಿಲ್ಲ. ಮಕ್ಕಳಿಲ್ಲದ ಕೊರಗಿನಿಂದ ಬೆಟ್ಟದ ಮೇಲಿಂದ ಹಾರಿಕೊಂಡಳು ಎಂಬುದು ಜನಪ್ರಿಯ ಕಥೆ, ಶಾಸನದಲ್ಲಿ ಅದು ಇಲ್ಲ. ಜಕಣಾಚಾರಿಯದ್ದೂ ಇದೇ ಪಾಡು. ಕಪ್ಪೆ ಅಡಗಿದ ಕಲ್ಲು, ಕೈ ಕಡಿದುಕೊಂಡ ಅಪ್ಪ, ಗೆದ್ದ ಮಗ, ಎಷ್ಟು ಚೆಂದದ ಕಥೆ ಅದು! ಆದರೆ ಬೇಲೂರಿನಲ್ಲಿ ಹೆಸರು ಕೊರೆದುಕೊಂಡವರ ಸಾಲಿನಲ್ಲಿ ಜಕಣಾಚಾರಿ ಇಲ್ಲ. ದಾಸೋಜ, ಚಾವಣರಂಥ ಜೀವಂತ ಹೆಸರುಗಳು ಕಲ್ಲಿನ ಮೇಲೇ ಇರುವಾಗ ಅವರನ್ನು ದಂತಕಥೆಯ ನೆರಳಿಗೆ ದೂಡುವುದು ನ್ಯಾಯವಲ್ಲ. ನಿಮ್ಮ ನಾಯಕನನ್ನು ಜಕಣಾಚಾರಿಯ ಶಿಷ್ಯತ್ವದಿಂದ ಬಿಡಿಸಿ ದಾಸೋಜನ ತಂಡಕ್ಕೆ ಸೇರಿಸಿ. ಕಥೆಗೂ ಲಾಭ, ದಾಸೋಜನಿಗೂ ಮರ್ಯಾದೆ.

ಪಾತ್ರಗಳನ್ನು ಆರಿಸಿಕೊಳ್ಳುವ ದಾರಿಗಳು ಮೂರ್ನಾಲ್ಕಿವೆ. ಶಾಂತಲೆಯನ್ನೇ ನಾಯಕಿ ಮಾಡಬಹುದು. ಹಾಗೆ ಮಾಡಿದರೆ ಪ್ರತಿ ಪುಟವೂ ದಾಖಲೆಗೆ ಉತ್ತರ ಹೇಳಬೇಕಾಗುತ್ತದೆ, ಆಕೆಯನ್ನು ಪೂಜಿಸುವ ಓದುಗರ ಮನಸ್ಸಿಗೂ ಉತ್ತರ ಹೇಳಬೇಕಾಗುತ್ತದೆ. ಇದರಲ್ಲಿ ಹೊಸಬರು ಗಮನಿಸದ ಇನ್ನೊಂದು ಅಪಾಯವಿದೆ. ಶಾಂತಲೆಯ ಬಗ್ಗೆ ನಮಗೆ ‘ಗೊತ್ತಿರುವ’ ಎಷ್ಟೋ ಸಂಗತಿ ಇಪ್ಪತ್ತನೇ ಶತಮಾನದ ಕಾದಂಬರಿ, ನಾಟಕಗಳಲ್ಲಿ ಹುಟ್ಟಿದ್ದು. ಶಾಸನ ಎಲ್ಲರ ಸ್ವತ್ತು. ಆದರೆ ಒಬ್ಬ ಕಾದಂಬರಿಕಾರ ಕಲ್ಪಿಸಿದ ಪಾತ್ರ, ಪ್ರಸಂಗ ಅವರದ್ದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಇತಿಹಾಸವೆಂದುಕೊಂಡು ಇನ್ನೊಬ್ಬರ ಕಲ್ಪನೆಯನ್ನು ಎತ್ತಿಕೊಂಡ ಹಸ್ತಪ್ರತಿಗಳನ್ನು ನಾನು ಹಿಂದಿರುಗಿಸಿದ್ದಿದೆ. ಪ್ರತಿ ವಿವರದ ಬೇರು ಎಲ್ಲಿದೆ ಎಂದು ನೀವೇ ನೋಡಿಕೊಳ್ಳಬೇಕು.

ಇನ್ನೊಂದು ದಾರಿ ನಿಮ್ಮದೇ. ಪ್ರೇಮಿಗಳು ಕಲ್ಪಿತರು, ರಾಜ ರಾಣಿ ದಂಡನಾಯಕರು ಅಂಚಿನಲ್ಲಿ ಹಾದುಹೋಗುವವರು. ನನ್ನ ಒಲವು ಇದರ ಕಡೆಗೆ, ಒಂದು ತಿದ್ದುಪಡಿಯೊಂದಿಗೆ. ನರ್ತಕಿಯನ್ನು ರಾಣಿಯ ಗೆಳತಿ ಮಾಡಬೇಡಿ. ಪಟ್ಟದ ರಾಣಿಗೆ ಗೆಳತಿಯಾದವಳ ಕಷ್ಟ ಒಂದು ಮಾತಿನಲ್ಲಿ ಪರಿಹಾರವಾಗಿಬಿಡುತ್ತದೆ, ಆಗ ಓಡಿಹೋಗುವ ಅಗತ್ಯವೇ ಬೀಳುವುದಿಲ್ಲ. ದೂರದಿಂದ ಒಮ್ಮೆ ರಾಣಿ ಇವಳ ನೃತ್ಯ ನೋಡಲಿ, ಸಾಕು. ಕಲ್ಪಿತ ರಾಜ್ಯವೊಂದನ್ನು ಕಟ್ಟಿಕೊಂಡರೆ ಯಾರ ತಗಾದೆಯೂ ಇರುವುದಿಲ್ಲ, ಆದರೆ ಕಣ್ಣೇಗಾಲದಂಥ ಗಟ್ಟಿ ನೆಲವೂ ಇರುವುದಿಲ್ಲ. ದಂತಕಥೆಯನ್ನೇ ಕಥೆಯಾಗಿ ಹೇಳುವುದೂ ಉಂಟು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ವಿಜಯನಗರಕ್ಕೂ ಬಹಮನಿ ಫಿರೋಜ್ ಷಾನಿಗೂ ಯುದ್ಧವಾಯಿತು ಎಂದು ಫೆರಿಷ್ತಾ ಬರೆದಿದ್ದಾನೆ. ಅವನು ಬರೆದದ್ದು ಎರಡು ಶತಮಾನದ ನಂತರ. ಅಂಥ ಕಥೆ ಎತ್ತಿಕೊಂಡರೆ, ಇದು ಕೇಳಿದ ಕಥೆ ಎಂದು ಒಳಗೇ ಗೊತ್ತಾಗುವಂತೆ ಬರೆಯಬೇಕು.

ಭಾಷೆಯ ವಿಷಯ. ಹಳಗನ್ನಡದಲ್ಲಿ ಮಾತಾಡಿಸಬೇಡಿ. ಪಂಪ ರನ್ನರ ಹಳಗನ್ನಡವೂ ಕಾವ್ಯಕ್ಕೆಂದು ಹದ ಮಾಡಿದ ನುಡಿ, ಕಲ್ಲುಕುಟಿಗನೂ ಹೂವಿನವಳೂ ಸಂತೆಯಲ್ಲಿ ಹಾಗೆ ಮಾತಾಡುತ್ತಿರಲಿಲ್ಲ. ಜನರ ಬಾಯಿಗೆ ಹತ್ತಿರದ ಲಯ ಬೇಕೆಂದರೆ ವಚನಗಳನ್ನು ಗಟ್ಟಿಯಾಗಿ ಓದಿಕೊಳ್ಳಿ. ಅವು ನಿಮ್ಮ ಕಥೆಗಿಂತ ಒಂದೆರಡು ತಲೆಮಾರು ಈಚಿನವು, ಪ್ರತಿ ಮಾಡಿದವರ ಕೈಯಲ್ಲಿ ಸ್ವಲ್ಪ ನುಣುಪಾಗಿವೆ. ಆದರೂ ಸಣ್ಣ ವಾಕ್ಯ, ನೇರ ಪ್ರಶ್ನೆ, ‘ಅಯ್ಯಾ’, ‘ಅವ್ವಾ’ ಎಂಬ ಕರೆ ಕಿವಿಗೆ ಕೂರುತ್ತವೆ. ನಿಮ್ಮ ಬರವಣಿಗೆ ಇವತ್ತಿನ ತಿಳಿಗನ್ನಡದಲ್ಲೇ ಇರಲಿ. ಕಣ್ಣಿಡಬೇಕಾದದ್ದು ಆಮೇಲೆ ಬಂದು ಸೇರಿದ ಪದಗಳ ಮೇಲೆ. ದರ್ಬಾರು, ಖಜಾನೆ, ಸಿಪಾಯಿ, ಜರತಾರಿ, ಕಾಗದ, ಗುಲಾಬಿ ವಿಷ್ಣುವರ್ಧನನ ಬೇಲೂರಿನಲ್ಲಿ ಇರಲಾರವು. ಓಲಗ, ಬೊಕ್ಕಸ, ಭಟ, ಓಲೆ ಎನ್ನಿ, ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಹೊತ್ತು ಹೇಳಲು ಜಾವ, ಗಳಿಗೆ ಇವೆ. ಹಣಕ್ಕೆ ಗದ್ಯಾಣ, ಪಣ, ಹಾಗ ಇವೆ. ‘ಶ್ರೀ ತಳಕಾಡುಗೊಂಡ’ ಎಂದು ಬರೆದ ವಿಷ್ಣುವರ್ಧನನ ಚಿನ್ನದ ನಾಣ್ಯವನ್ನು ನಾಯಕನ ಕೂಲಿಯಲ್ಲಿ ಒಮ್ಮೆ ತಂದರೆ ರಾಜಕೀಯವೂ ಅದರ ಜೊತೆಗೇ ಬರುತ್ತದೆ.

ಚಟ್ನಿಗೆ ಮೆಣಸು, ಶುಂಠಿ ಹಾಕಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಪರಂಗಿ, ಸೀಬೆ, ಚೆಂಡುಹೂವು ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲಕ್ಕೆ ಬಂದವು. ಆ ಕಾಲದ ಅಡುಗೆಗೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಒಳ್ಳೆಯ ಆಕರ. ಸುಮಾರು 1130ರದ್ದು, ಬರೆದವನು ಚಾಲುಕ್ಯ ದೊರೆಯೇ. ಉದ್ದಿನ ಹಿಟ್ಟಿನಿಂದ ಮಾಡುವ ಇಡ್ಡರಿಕೆ ಅದರಲ್ಲಿ ಬರುತ್ತದೆ. ಆದರೆ ಅದು ಅರಮನೆಯ ಊಟ ಎಂಬುದು ನೆನಪಿರಲಿ, ಕಲ್ಲುಕುಟಿಗರ ಬಿಡಾರದಲ್ಲಿ ದಿನಾ ಬೇಯುತ್ತಿದ್ದದ್ದು ಅದಲ್ಲ.

ಶೃಂಗಾರದ ಬಗ್ಗೆ ಸಂಕೋಚದಿಂದ ಕೇಳಿದ್ದೀರಿ. ಸಂಕೋಚ ಆ ಕಾಲದ್ದಲ್ಲ. ಕಾವ್ಯಗಳೂ ಗುಡಿಯ ಗೋಡೆಗಳೂ ದೇಹದ ವಿಷಯದಲ್ಲಿ ನಮಗಿಂತ ಮುಕ್ತವಾಗಿವೆ. ನಿಮ್ಮ ಕೈ ಹೋದಷ್ಟು ಬರೆಯಿರಿ. ಎರಡು ವಿಷಯದಲ್ಲಿ ಮಾತ್ರ ನಾನು ಬಿಗಿ. ಹುಡುಗಿಯರಿಗೆ ಎಳೆಯ ವಯಸ್ಸಿಗೇ ಮದುವೆಯಾಗುತ್ತಿತ್ತು ಎನ್ನುವುದನ್ನು ನೆಪ ಮಾಡಿಕೊಂಡು ನಾಯಕಿಯನ್ನು ಎಳೆಯವಳಾಗಿ ಮಾಡಬೇಡಿ. ವರ್ಷಗಟ್ಟಲೆ ನಾಟ್ಯ ಕಲಿತು ರಂಗಕ್ಕೆ ಬಂದ ನರ್ತಕಿ ಇಪ್ಪತ್ತು ದಾಟಿದ ಹೆಣ್ಣು ಎನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬಲಾತ್ಕಾರವನ್ನು ಪ್ರೇಮದ ಆರಂಭವಾಗಿ ಎಂದೂ ತೋರಿಸಬೇಡಿ. ‘ಆಗ ಹಾಗೆಯೇ ಇತ್ತು’ ಎಂಬ ಸಮರ್ಥನೆಯನ್ನು ಹಸ್ತಪ್ರತಿಗಳ ಜೊತೆಗಿನ ಪತ್ರಗಳಲ್ಲಿ ಓದಿದ್ದೇನೆ, ಒಪ್ಪಿಲ್ಲ. ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸಿದ ಜನರಿಗೆ ಬಲಾತ್ಕಾರ ಯಾವುದು, ಒಲವು ಯಾವುದು ಎಂದು ಚೆನ್ನಾಗಿ ಗೊತ್ತಿತ್ತು.

ಇನ್ನೆಷ್ಟು ಓದಬೇಕು? ಹೊಯ್ಸಳ ಇತಿಹಾಸವನ್ನೆಲ್ಲ ಓದಿ ಮುಗಿಸುತ್ತೇನೆಂದು ಹೊರಟರೆ ಕಾದಂಬರಿ ಉಳಿಯುವುದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ಹಾಸನ ಜಿಲ್ಲೆಯ ಸಂಪುಟವನ್ನು ಬಿ.ಎಲ್. ರೈಸ್ 1902ರಲ್ಲೇ ಹೊರತಂದರು, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳೂ ಇವೆ. ಅದರಲ್ಲಿ ಬೇಲೂರು ತಾಲ್ಲೂಕಿನದನ್ನು ಮಾತ್ರ ತೆರೆಯಿರಿ. 1117ರ ಆಚೀಚೆಯ ಹತ್ತಾರು ಶಾಸನಗಳನ್ನು ನಿಧಾನವಾಗಿ ಓದಿ. ಅರಸನ ಬಿರುದುಗಳು ಪುಟಗಟ್ಟಲೆ ಬರುತ್ತವೆ, ದಾಟಿಕೊಂಡು ಹೋಗಿ. ದಾನದ ಎಲ್ಲೆ ಹೇಳುವ ಕಡೆ ನಿಲ್ಲಿ. ಮೂಡಲು ಹುಣಿಸೆಮರ, ತೆಂಕಲು ಕೆರೆಯ ಕೋಡಿ, ಪಡುವಲು ಹುತ್ತ, ಬಡಗಲು ನೆಟ್ಟ ಕಲ್ಲು ಎಂದು ಲಿಪಿಕಾರ ಊರಿನ ಅಂಚನ್ನು ಸುತ್ತಿ ಬರುತ್ತಾನೆ. ನಿಮ್ಮ ಪ್ರೇಮಿಗಳು ಕದ್ದು ಭೇಟಿಯಾಗುವ ಜಾಗ ಆ ನಾಲ್ಕು ದಿಕ್ಕಿನಲ್ಲೇ ಎಲ್ಲೋ ಇದೆ. ಕೊನೆಯ ಶಾಪದ ಸಾಲುಗಳನ್ನೂ ಬಿಡಬೇಡಿ. ಈ ದಾನ ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗಲಿ ಎನ್ನುತ್ತವೆ ಅವು. ಆಣೆ ಇಡುವಾಗ ಆ ಜನ ಯಾವುದಕ್ಕೆ ಹೆದರುತ್ತಿದ್ದರು ಎಂದು ಅಲ್ಲಿ ಕಾಣುತ್ತದೆ, ನಾಯಕ ನಾಯಕಿಗೆ ಮಾತು ಕೊಡುವಾಗ ಆ ಹೆದರಿಕೆ ಬೇಕಾಗುತ್ತದೆ. ಆಮೇಲೆ ಒಮ್ಮೆ ಊರಿಗೆ ಬಂದಾಗ ಬೇಲೂರಿಗೆ ಹೋಗಿ ಮದನಿಕೆಗಳ ಕೆಳಗಿನ ಸಣ್ಣ ಅಕ್ಷರಗಳನ್ನು ಹುಡುಕಿ. ಎತ್ತರದಲ್ಲಿವೆ, ಬೈನಾಕ್ಯುಲರ್ ಒಯ್ಯಿರಿ.

ಇಷ್ಟಾದ ಮೇಲೆ ಪುಸ್ತಕ ಮುಚ್ಚಿಟ್ಟು ಬರೆಯಿರಿ. ಕಾದಂಬರಿ ಅಚ್ಚಿಗೆ ಹೋಗುವಾಗ ಕೊನೆಯಲ್ಲಿ ಒಂದೆರಡು ಪುಟದ ಟಿಪ್ಪಣಿ ಸೇರಿಸಿ. ದಾಸೋಜ, ಚಾವಣ, ಗಂಗರಾಜ, ಕಣ್ಣೇಗಾಲ ಇವೆಲ್ಲ ದಾಖಲೆಯಲ್ಲಿವೆ, ಈ ಇಬ್ಬರು ಪ್ರೇಮಿಗಳು ನನ್ನ ಕಲ್ಪನೆ ಎಂದು ನೇರವಾಗಿ ಹೇಳಿಬಿಡಿ. ಇಲ್ಲವಾದರೆ ಇನ್ನು ಐವತ್ತು ವರ್ಷಕ್ಕೆ ಬೇಲೂರಿನ ಮಾರ್ಗದರ್ಶಿಗಳು ನಿಮ್ಮ ನಾಯಕಿಯನ್ನೂ ಒಂದು ಮದನಿಕೆಯಲ್ಲಿ ತೋರಿಸತೊಡಗುತ್ತಾರೆ.